ಮೂರು ಹಿಡಿ ಮರಳು

ಪ್ರಹ್ಲಾದರಾಯರು ನಮೀಬಿಯಾಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಆ ದೇಶದ ಬಗ್ಗೆ ಅವರು ಬರೆದ ಪ್ರವಾಸ ಕೈಪಿಡಿ ಮಾತ್ರ ನಾಲ್ಕೇ ವರ್ಷದಲ್ಲಿ ಆರು ಮುದ್ರಣ ಕಂಡಿತ್ತು. ನೀರು ಜಾಸ್ತಿ ಒಯ್ಯಿರಿ, ಬಂಕ್ ಕಂಡಲ್ಲೆಲ್ಲ ಪೆಟ್ರೋಲ್ ತುಂಬಿಸಿ, ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ ಎಂಬುದನ್ನೆಲ್ಲ ಅಲ್ಲಿ ಇಲ್ಲಿ ಓದಿ ಬರೆದಿದ್ದರು. ಕೊನೆಗೆ ಅರ್ಧ ಪುಟ ಖಾಲಿ ಉಳಿಯಿತೆಂದು ಸ್ವಂತದ್ದೊಂದನ್ನು ಸೇರಿಸಿದ್ದರು: "ಮರಳುದಿಬ್ಬ ಹತ್ತುವ ಮುನ್ನ ಚಪ್ಪಲಿ ಬಿಟ್ಟು, ಮೂರು ಹಿಡಿ ಮರಳು ತಲೆಗೆ ಹಾಕಿಕೊಳ್ಳಿ. ಅದು ಅಲ್ಲಿಯವರ ಪುರಾತನ ಪದ್ಧತಿ."

ಈಗ ಹದಿನೆಂಟು ಮಂದಿ ಓದುಗರು ಆ ಕೈಪಿಡಿ ಹಿಡಿದು ಅವರ ಜೊತೆಗೇ ಬಂದಿದ್ದರು. ದಿಬ್ಬದ ಬುಡದಲ್ಲಿ ವ್ಯಾನ್ ನಿಂತಾಗ ರಾಯರು ಎಲ್ಲರಿಗಿಂತ ಕೊನೆಗೆ ಇಳಿದರು. ಅಲ್ಲಿಯ ಗೈಡ್ ನಕ್ಕುಬಿಟ್ಟರೆ ಮಾನ ಹೋದಂತೆಯೇ.

"ಚಪ್ಪಲಿ ಬಿಡೋಣ್ವಾ ಸಾರ್?" ಎಂದರು ಒಬ್ಬ ಮೇಷ್ಟ್ರು.

"ಇವತ್ತು ಬಿಸಿಲು ಜಾಸ್ತಿ, ಬೇಡ ಬಿಡಿ" ಎಂದು ರಾಯರು ತಡವರಿಸುವಷ್ಟರಲ್ಲಿ ಗೈಡೇ ಬೂಟು ಕಳಚಿ, ಕಣ್ಣು ಮುಚ್ಚಿ, ಮೂರು ಹಿಡಿ ಮರಳನ್ನು ತಲೆಗೆ ಸುರಿದುಕೊಂಡ. ಓದುಗರೂ ಭಕ್ತಿಯಿಂದ ಸುರಿದುಕೊಂಡರು.

ರಾಯರಿಗೆ ಹೋದ ಜೀವ ಬಂದಂತಾಯಿತು. ತಾನು ಕಟ್ಟಿ ಬರೆದದ್ದು ನಿಜವೇ ಇತ್ತಲ್ಲ ಎಂದು ಬೀಗುತ್ತಾ, ತಾವೂ ಚಪ್ಪಲಿ ಬಿಟ್ಟು, ಅಂಗಾಲು ಸುಡುತ್ತಿದ್ದರೂ ಗೈಡ್‌ನ ಪಕ್ಕಕ್ಕೆ ಹೋಗಿ ಇಂಗ್ಲಿಷಿನಲ್ಲಿ ಕೇಳಿದರು: "ಎಷ್ಟು ಕಾಲದಿಂದ ಇದೆಯಪ್ಪಾ ಈ ಪದ್ಧತಿ?"

"ನಾಲ್ಕು ವರ್ಷ ಆಯ್ತು ಸಾರ್," ಎಂದ ಗೈಡ್, ಕಿವಿಯೊಳಗಿನ ಮರಳು ಕೊಡವುತ್ತಾ. "ಮಾಡದೆ ಹೋದ್ರೆ, ನಮ್ಮ ಸಂಸ್ಕೃತಿ ನಮಗೇ ಗೊತ್ತಿಲ್ಲ ಅಂತ ನಿಮ್ಮ ಕಡೆಯೋರು ಕಂಪನಿಗೆ ದೂರು ಬರೀತಾರೆ."