ಹುಲಿ ಅಂದುಕೊಂಡದ್ದು

ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಎಂದಿನಂತೆ ಟಿಕೆಟ್ಟಿನ ಜೊತೆ, ಪ್ರಾಣಿಗಳ ಮನಸ್ಸಿನ ಮಾತು ಕೇಳಿಸುವ ಇಯರ್‌ಫೋನನ್ನೂ ಕೊಟ್ಟರು. ಹುಲಿ ನೋಡಲೆಂದು ಗಂಡನ ಜೊತೆ ಎರಡು ದಿನ ಪ್ರಯಾಣ ಮಾಡಿ ಬಂದಿದ್ದ ಶಿವಲೀಲಾ ಅದನ್ನು ಕಿವಿಗಿಟ್ಟುಕೊಂಡಳು; ಗಂಡನೂ ಇಟ್ಟುಕೊಂಡ. ಆನೆಗಳು ಮಂಡಿನೋವಿನ ಬಗ್ಗೆ, ಜಿಂಕೆಗಳು ನೆಂಟರ ಬಗ್ಗೆ ಗೊಣಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಜೀಪಿನ ಪಕ್ಕದಲ್ಲೇ ಹುಲಿ ಬಂದು ನಿಂತಿತು. ಅವಳ ಮೈ ಜುಮ್ಮೆಂದಿತು.

"ಆ ಡೊಳ್ಳುಹೊಟ್ಟೆಯವನು ಕೆಳಗಿಳಿದರೆ ಒಂದು ವಾರ ಊಟದ ಚಿಂತೆಯಿಲ್ಲ," ಎಂದುಕೊಂಡಿತು ಹುಲಿ.

ಗಂಡ ಗುರುಶಾಂತಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಯಾರಿಗೆ ಡೊಳ್ಳುಹೊಟ್ಟೆ?" ಎನ್ನುತ್ತ ಒಂದು ಕಾಲು ಹೊರಗಿಟ್ಟೇಬಿಟ್ಟ. ಶಿವಲೀಲಾ ಅಂಗಿ ಹಿಡಿದು ಒಳಗೆಳೆದಳು. ಡ್ರೈವರ್ ಜೀಪು ಓಡಿಸಿದ.

"ಅದೇನಂತು, ಕೇಳಿಸ್ತಾ?" ಎಂದ ಗುರುಶಾಂತಪ್ಪ.

"ಮೂವತ್ತು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೀನಲ್ರೀ," ಎಂದಳು ಶಿವಲೀಲಾ. ಕಾಡು ದಾಟುವವರೆಗೂ ಅವಳು ಹಿಡಿದ ಅಂಗಿ ಬಿಡಲಿಲ್ಲ.