ಅಧ್ಯಕ್ಷರ ಕಂಪ್ಯೂಟರ್ ಓದಿದ ಪತ್ರ

ಸಹಕಾರ ಸಂಘದ ಕಂಪ್ಯೂಟರ್ ಕೆಲಸಕ್ಕೆ ಸಂದರ್ಶನ. ಕಣ್ಣು ಕಾಣದ ಶಾಂಭವಿ ಒಳಗೆ ಬಂದಾಗ ಅಧ್ಯಕ್ಷ ಪುಟ್ಟಬಸಪ್ಪನವರು ಪಕ್ಕದ ಇಬ್ಬರು ನಿರ್ದೇಶಕರತ್ತ ನೋಡಿ ನಕ್ಕರು.

“ಪರದೆನೇ ಕಾಣಲ್ಲ, ಕೆಲಸ ಹೆಂಗಮ್ಮ ಮಾಡ್ತೀಯ?”

“ಪರದೆ ಮೇಲಿರೋದನ್ನ ಓದಿ ಹೇಳೋ ತಂತ್ರಾಂಶ ತಂದಿದೀನಿ ಸಾರ್. ನಿಮ್ಮ ಕಂಪ್ಯೂಟರಿಗೇ ಹಾಕಿ ತೋರಿಸ್ಲಾ?”

“ತೋರ್ಸು. ಯಾವ್ದಾದ್ರೂ ಒಂದು ಕಾಗದ ಓದಿಸು ನೋಡೋಣ.”

ಶಾಂಭವಿ ಪೆನ್‌ಡ್ರೈವ್ ಸಿಕ್ಕಿಸಿ, ಕೀಲಿಗಳನ್ನು ಒತ್ತಿ, ಮೊದಲು ಸಿಕ್ಕ ಕಡತವನ್ನೇ ತೆರೆದಳು. ಒಗ್ಗರಣೆಯ ಸಾಸಿವೆ ಸಿಡಿದಂತೆ ದನಿಯೊಂದು ಚಟಪಟನೆ ಓದಿ ಮುಗಿಸಿತು. ಮೂವರಿಗೂ ಒಂದಕ್ಷರ ತಿಳಿಯಲಿಲ್ಲ. ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇದ್ಯಾವ ಭಾಷೆ ತಾಯಿ? ನಿಂಗಾದ್ರೂ ಅರ್ಥ ಆಯ್ತಾ?”

“ಕನ್ನಡನೇ ಸಾರ್. ನಂಗೆ ಇಷ್ಟು ವೇಗವಾಗಿ ಕೇಳಿ ಅಭ್ಯಾಸ.”

“ಹಂಗಾದ್ರೆ ಏನಿತ್ತು, ಹೇಳು.”

ನಿರ್ದೇಶಕರಿಬ್ಬರೂ ಇನ್ನೂ ನಗುತ್ತಿದ್ದರು. ಶಾಂಭವಿ ಅಧ್ಯಕ್ಷರ ಕಡೆ ಬಾಗಿ ದನಿ ತಗ್ಗಿಸಿದಳು.

“ಇದೇ ಕೆಲಸದ ನೇಮಕಾತಿ ಪತ್ರ, ಮೊನ್ನೆಯ ತಾರೀಖು. ಕೆಲಸ ಸಿಕ್ಕಿರೋ ಹುಡುಗನ ತಂದೆ ಹೆಸರು ನಿಮ್ದೇ ಇದೆ.”

ಅಧ್ಯಕ್ಷರ ನಗು ನಿಂತಿತು.

“ನಿಧಾನ ಮಾಡಿ ಎಲ್ರಿಗೂ ಕೇಳಿಸ್ಲಾ ಸಾರ್, ಇಲ್ಲಾ ಹುಡುಗನ ಹೆಸರಿರೋ ಕಡೆ ನನ್ನ ಹೆಸರು ಟೈಪ್ ಮಾಡ್ಲಾ?”