ತೆನೆಯ ನಾಲ್ಕನೇ ಬೆರಳು

ನಮ್ಮ ರಾಗಿ ತೆನೆಗೆ ಈ ಸಲ ಮೂರು ಬೆರಳು ಬರಬೇಕಿತ್ತು. ಹೊಲದ ತುಂಬ ನಾಲ್ಕು ಬಂದಿದ್ದವು.

ಕೈಯೆಣಿಕೆ ತಳಿ ಬಂದಮೇಲೆ ಎಲ್ಲರ ಮನೆಯಲ್ಲೂ ಇದೇ ಪದ್ಧತಿ. ಬೀಜ ನೆನೆಹಾಕಿದ ಮಡಕೆಗೆ ಆ ವರ್ಷ ಮನೆಯಲ್ಲಿ ಉಣ್ಣುವವರೆಲ್ಲ ಕೈ ಅದ್ದಬೇಕು. ಎಷ್ಟು ಜನರ ಕೈಯೋ, ಪ್ರತಿ ತೆನೆಗೂ ಅಷ್ಟೇ ಬೆರಳು. ಬೀಜ ಆಗಲೇ ತೀರ್ಮಾನ ಮಾಡಿಬಿಡುತ್ತದೆ. ನಮ್ಮಲ್ಲಿ ಅದ್ದಿದ್ದು ನಾನು, ನನ್ನ ಹೆಂಡತಿ ಚಿಕ್ಕತಾಯಿ, ಮಗಳು, ಅಷ್ಟೇ.

"ಇದು ಬೋರನ ಕೈಯೇ," ಎಂದಳು ಚಿಕ್ಕತಾಯಿ.

ಬೋರ ಅವಳ ತಮ್ಮ. ನಮ್ಮ ಜೊತೆಯಲ್ಲೇ ಇದ್ದ. ಯುಗಾದಿಯ ಮಾರನೇ ದಿನ ಸಾರು ಸಪ್ಪೆ ಅಂದ. ಇವಳು "ನೀನೇ ಬೇಯಿಸ್ಕೊಂಡು ತಿನ್ನು ಹೋಗು" ಅಂದಳು. ಅವನು ಹೋಗೇಬಿಟ್ಟ. ಬೇಲಿಯಾಚೆಯ ತನ್ನ ತುಂಡು ಹೊಲದಲ್ಲಿ ಒಂದು ಕೋಣೆ ಕಟ್ಟಿಕೊಂಡು ಬೇರೆಯೇ ಬಿತ್ತಿದ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಅವಳು ಒಂದು ತೆನೆ ಕಿತ್ತುಕೊಂಡು ಬೇಲಿಯ ಹತ್ತಿರ ಹೋದಳು. ನಾನೂ ಹಿಂದೆಯೇ ಹೋದೆ.

"ಏನೋ, ಮುನಿಸ್ಕೊಂಡು ಹೋದವನಿಗೆ ನಮ್ಮ ಮಡಕೇಲಿ ಏನೋ ಕೆಲಸ?"

ಬೋರ ತನ್ನ ಹೊಲದಿಂದ ಒಂದು ತೆನೆ ಮುರಿದು ತಂದು ಅವಳ ಮುಂದೆ ಹಿಡಿದ. ಒಂಟಿ ಮನುಷ್ಯನ ತೆನೆಗೆ ಎರಡು ಬೆರಳು.

"ಒಂದು ನಂದು. ಇನ್ನೊಂದು ಯಾರದಕ್ಕಾ?"

ಬಿತ್ತನೆಯ ಹಿಂದಿನ ಸಂಜೆ ಚಿಕ್ಕತಾಯಿ ಹಸು ಹುಡುಕಲು ಬೇಲಿ ದಾಟಿದ್ದು ನನಗೆ ಆಗ ನೆನಪಾಯಿತು. ಹಸು ಕೊಟ್ಟಿಗೆಯಲ್ಲೇ ಇತ್ತು.

ಅವಳು ಸೆರಗು ಸರಿಮಾಡಿಕೊಂಡು ಮನೆಯ ಕಡೆ ತಿರುಗಿದಳು.

"ಊಟಕ್ಕೆ ಬಾ," ಎಂದಳು, ಹಿಂದೆ ನೋಡದೆ. "ಉಪ್ಪು ನೀನೇ ಹಾಕ್ಕೋ."